ಷರತ್ತು ಹಾಕಿ ಕೊಡುವವರು

ಕಂಪ್ಯೂಟರಿನ ಶಕ್ತಿಯನ್ನು ವಿಜ್ಞಾನದ ಲೆಕ್ಕಗಳಿಗೆ ದಾನ ಕೊಡಲು ನೆರವಾಗುವ ಬೋಯಿಂಕ್ ಎಂಬ ತಂತ್ರಾಂಶವನ್ನು ಮನೆಯ ಕಂಪ್ಯೂಟರಿಗೆ ಹಾಕಿಕೊಳ್ಳುವುದು ದೊಡ್ಡ ಕೆಲಸವೇನಲ್ಲ. ಇಳಿಸಿಕೊಂಡು ನಾಲ್ಕಾರು ಸಲ ‘ನೆಕ್ಸ್ಟ್’ ಒತ್ತಿದರೆ, ಯಾವ ಸಂಶೋಧನೆಗೆ ಕೈಜೋಡಿಸುತ್ತೀರಿ ಎಂದು ಪಟ್ಟಿ ಬರುತ್ತದೆ. ನಾನು ಐನ್‌ಸ್ಟೈನ್ ಅಟ್ ಹೋಮ್ ಆರಿಸಿಕೊಂಡೆ. ದೂರದರ್ಶಕಗಳು, ಗುರುತ್ವ ಅಲೆಗಳ ಪತ್ತೆಯಂತ್ರಗಳು ಗುಡ್ಡೆ ಹಾಕಿದ ದತ್ತಾಂಶವನ್ನು ಜಾಲಾಡಿ ಪಲ್ಸಾರ್‌ಗಳನ್ನು, ಅಂದರೆ ಗಿರ್ರನೆ ತಿರುಗುವ ಸತ್ತ ನಕ್ಷತ್ರಗಳನ್ನು ಹುಡುಕುವ ಯೋಜನೆ ಅದು. ಇಮೇಲ್, ಪಾಸ್‌ವರ್ಡ್ ಕೊಟ್ಟಿದ್ದೇ ತಡ, ಕೆಲಸದ ತುಣುಕುಗಳು ಇಳಿದವು, ಫ್ಯಾನ್ ಗುಂಯ್‌ಗುಡತೊಡಗಿತು.

ನನ್ನನ್ನು ಹಿಡಿದು ಕೂರಿಸಿದ್ದು ಸೆಟ್ಟಿಂಗ್ಸ್ ಪುಟ. ಬ್ಯಾಟರಿಯಲ್ಲಿ ಓಡುವಾಗ ನಿಲ್ಲಿಸಲೇ? ನೀವು ಕೀಬೋರ್ಡ್ ಮುಟ್ಟಿದಾಗ ನಿಲ್ಲಿಸಲೇ? ಕೈ ತೆಗೆದು ಎಷ್ಟು ನಿಮಿಷವಾದ ಮೇಲೆ ಮತ್ತೆ ಶುರು ಮಾಡಲಿ? ಪ್ರೊಸೆಸರಿನಲ್ಲಿ ನನ್ನ ಪಾಲು ಶೇಕಡಾ ಎಷ್ಟು? ವಾರದ ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆ? ನಮ್ಮ ಬೀದಿಗೆ ಚಂದಾ ಪುಸ್ತಕ ಹಿಡಿದು ಬರುವವರು ಪಕ್ಕದ ಮನೆಯವರು ಬರೆದ ಮೊತ್ತ ಕಣ್ಣಿಗೆ ಬೀಳುವ ಹಾಗೇ ಪುಟ ತೆರೆಯುತ್ತಾರೆ. ಇಲ್ಲಿ ನನ್ನ ಜಿಪುಣತನಕ್ಕೆ ಮೊದಲೇ ಜಾಗ ಮಾಡಿಟ್ಟಿದ್ದರು. ಅರ್ಧ ಪ್ರೊಸೆಸರ್, ಅದೂ ನಾನು ಎದ್ದುಹೋದ ಮೇಲೆ, ಅದೂ ರಾತ್ರಿ ಎಂದು ತುಂಬಿದೆ. ಯಾರೂ ಮುಖ ಸಣ್ಣ ಮಾಡಲಿಲ್ಲ. ಕರೆಂಟು ಹೋದರೂ ಚಿಂತೆಯಿಲ್ಲ: ಎಲ್ಲಿಯವರೆಗೆ ಬಂದೆ ಎಂಬುದನ್ನು ಆಗಾಗ ಡಿಸ್ಕಿಗೆ ಬರೆದಿಟ್ಟುಕೊಂಡು, ಬಂದಾಗ ಅಲ್ಲಿಂದಲೇ ಮುಂದುವರಿಸುತ್ತದೆ.

ಈ ಬಗೆಯ ದಾನಕ್ಕೆ ಹಿಂದಿನಿಂದಲೂ ಹೇಳುವ ಸಮರ್ಥನೆ ಒಂದೇ: ಹೇಗೂ ವ್ಯರ್ಥವಾಗುವುದನ್ನು ಕೊಡಿ. 1999ರ ಮೇ ತಿಂಗಳಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಸೆಟಿ ಅಟ್ ಹೋಮ್ ಶುರುಮಾಡಿದಾಗ ಅದು ಸ್ಕ್ರೀನ್‌ಸೇವರ್ ರೂಪದಲ್ಲೇ ಬಂತು. ನೀವು ಕಾಫಿಗೆ ಎದ್ದುಹೋದಾಗ ಯಂತ್ರ ಅನ್ಯಗ್ರಹದ ಸಂಕೇತ ಹುಡುಕುತ್ತಿತ್ತು. ಅಂದಿನ ಕಂಪ್ಯೂಟರು ಸುಮ್ಮನೆ ಕೂತಾಗಲೂ ಸಾಕಷ್ಟು ವಿದ್ಯುತ್ ತಿನ್ನುತ್ತಿದ್ದುದರಿಂದ ಆ ಮಾತಿನಲ್ಲಿ ಒಂದಿಷ್ಟು ನಿಜವಿತ್ತು. ಈಗಿನ ಚಿಪ್ಪು ಹಾಗಲ್ಲ. ಕೆಲಸವಿಲ್ಲದಾಗ ವೇಗ, ವೋಲ್ಟೇಜು ಎರಡನ್ನೂ ತಗ್ಗಿಸಿಕೊಂಡು ಮಲಗಿಬಿಡುತ್ತದೆ. ಮಲಗಿದ್ದನ್ನು ಎಬ್ಬಿಸಿ ದುಡಿಸಿದರೆ ಅದು ಮಿಕ್ಕಿದ್ದಲ್ಲ, ಹೊಸ ಖರ್ಚು. ಹೆಚ್ಚುವರಿ 50 ವ್ಯಾಟ್ ಎಂದಿಟ್ಟುಕೊಂಡರೂ, ದಿನಕ್ಕೆ 10 ಗಂಟೆಯಂತೆ ತಿಂಗಳಿಗೆ 15 ಯೂನಿಟ್. ನನ್ನಂತೆ ಗೃಹಜ್ಯೋತಿ ಎಂಬ ಉಚಿತ ವಿದ್ಯುತ್ ಯೋಜನೆಯ ಮಿತಿಯೊಳಗಿರುವ ಮನೆಯಲ್ಲಿ ಬಿಲ್ಲು ಆಗಲೂ ಸೊನ್ನೆಯೇ. ಅಂದರೆ ಪಲ್ಸಾರ್ ಹುಡುಕಲು ದಾನ ಕೊಡುತ್ತಿರುವುದು ನಾನೋ, ಕರ್ನಾಟಕ ಸರ್ಕಾರವೋ? ನಗು ಬಂತು. ಆದರೆ ‘ಪುಕ್ಕಟೆ’ ಎಂದುಕೊಂಡು ಕೊಡುವುದರಲ್ಲಿ ಬೆಲೆ ತೆರುವವರು ಇನ್ನಾರೋ ಇದ್ದೇ ಇರುತ್ತಾರೆ ಎಂಬುದು ನಗೆಯಲ್ಲಿ ತೇಲಿಹೋಗಲಿಲ್ಲ.

ಕೊಡುವವರು ನನ್ನಂಥ ಲೆಕ್ಕಾಚಾರದವರೇ ಎಂದು ಗೊತ್ತಿದ್ದೇ ಈ ವ್ಯವಸ್ಥೆಯನ್ನು ಕಟ್ಟಿದ್ದಾರೆ ಅನ್ನಿಸುತ್ತದೆ. ಸೆಟಿಯ ಮೊದಲ ವರ್ಷಗಳಲ್ಲಿ ಮಾಡಿಕೊಟ್ಟ ಲೆಕ್ಕಕ್ಕೆ ಸಿಗುವ ಅಂಕಗಳ ಪಟ್ಟಿಯಲ್ಲಿ ಮೇಲೇರುವ ಆಸೆಗೆ, ಲೆಕ್ಕವನ್ನೇ ಮಾಡದೆ ಸುಳ್ಳು ಉತ್ತರ ಕಳಿಸಿದವರಿದ್ದರು. ಅನ್ಯಗ್ರಹಜೀವಿಗಳ ವಿಷಯದಲ್ಲೂ ಕಾಪಿ! ಅದನ್ನೆಲ್ಲ ಕಂಡ ಸೆಟಿ ತಂಡದ ಡೇವಿಡ್ ಆ್ಯಂಡರ್ಸನ್ 2002ರಲ್ಲಿ ಬೋಯಿಂಕ್ ಕಟ್ಟಲು ಕೂತಾಗ ಒಳ್ಳೆಯತನವನ್ನು ನೆಚ್ಚಿಕೊಳ್ಳಲಿಲ್ಲ. ಒಂದೇ ತುಣುಕನ್ನು ಒಬ್ಬರಿಗೊಬ್ಬರು ಪರಿಚಯವಿಲ್ಲದ ಇಬ್ಬರಿಗೆ ಕಳಿಸಿ, ಉತ್ತರಗಳು ತಾಳೆಯಾದರೆ ಮಾತ್ರ ಇಬ್ಬರಿಗೂ ಅಂಕ ಕೊಡುವ ಏರ್ಪಾಡು ಮಾಡಿದರು. ಸುಳ್ಳುಗಾರನೂ ಸಿಗುತ್ತಾನೆ, ಬಿಸಿಯಾಗಿ ಲೆಕ್ಕ ತಪ್ಪಿದ ಬಡಪಾಯಿ ಯಂತ್ರವೂ ಸಿಗುತ್ತದೆ. ನನ್ನನ್ನು ನಂಬುವುದಿಲ್ಲ ಎಂದು ಮೊದಲೇ ತೀರ್ಮಾನಿಸಿರುವ ಕಡೆ ಮೊದಲು ಮುಜುಗರವಾಯಿತು, ಆಮೇಲೆ ನಿರಾಳ. ಅಪನಂಬಿಕೆ ಎಲ್ಲರ ಮೇಲೂ ಸಮಾನವಾಗಿರುವುದರಿಂದಲೇ ಇಲ್ಲಿ ಯಾರ ಯೋಗ್ಯತೆಯನ್ನೂ ಕೇಳದೆ ಒಳಗೆ ಬಿಡುತ್ತಾರೆ. ಪದವಿ ಬೇಡ, ಪರಿಚಯ ಪತ್ರ ಬೇಡ, ಒಳ್ಳೆಯವರೆಂಬ ಖಾತ್ರಿಯೂ ಬೇಡ. ಸದ್ಗುಣಿಗಳಷ್ಟೇ ನಡೆಸಬಲ್ಲ ಸಂಸ್ಥೆಗಳನ್ನು ಕಟ್ಟಿ, ಅವು ಕುಸಿದಾಗ ಜನ ಸರಿಯಿಲ್ಲ ಎಂದು ಹಳಹಳಿಸುವ ನಮಗೆ ಇದು ಸ್ವಲ್ಪ ಚುಚ್ಚಬೇಕು.

2010ರಲ್ಲಿ ಐನ್‌ಸ್ಟೈನ್ ಅಟ್ ಹೋಮ್ ಯೋಜನೆಗೆ ಮೊದಲ ಹೊಸ ರೇಡಿಯೋ ಪಲ್ಸಾರ್ ಸಿಕ್ಕಿತು. ಸೆಕೆಂಡಿಗೆ ಸುಮಾರು 41 ಸುತ್ತು ತಿರುಗುವಂಥದ್ದು. ಅರೆಸಿಬೋ ದೂರದರ್ಶಕದ ದತ್ತಾಂಶದಲ್ಲಿ ಅದನ್ನು ಹಿಡಿದದ್ದು ಅಮೆರಿಕದ ಅಯೋವಾದ ಒಂದು ದಂಪತಿಯ ಕಂಪ್ಯೂಟರು ಮತ್ತು ಜರ್ಮನಿಯ ಮೈಂಟ್ಸ್ ಊರಿನ ಇನ್ನೊಬ್ಬರ ಕಂಪ್ಯೂಟರು. ಅವರಾಗಿ ಏನೂ ಮಾಡಿರಲಿಲ್ಲ, ತಡೆದಿರಲಿಲ್ಲ ಅಷ್ಟೆ. ಆದರೂ ಸುದ್ದಿಯಲ್ಲಿ ಅವರ ಹೆಸರು ಬಂದದ್ದು ಸರಿಯೆಂದೇ ನನಗೆ ಕಾಣುತ್ತದೆ. ಅತ್ತ ಸೆಟಿಗೆ 50 ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. 2020ರ ಮಾರ್ಚ್ 31ಕ್ಕೆ ತುಣುಕು ಹಂಚುವುದು ನಿಂತಿತು. ಅಲ್ಲಿಯವರೆಗೂ ಅನ್ಯಗ್ರಹದಿಂದ ಚಕಾರವಿಲ್ಲ. ಆ ಲಕ್ಷಾಂತರ ಯಂತ್ರಗಳ ದುಡಿಮೆಯಿಂದ ಅಲ್ಲಿಯವರೆಗೆ ದೊರೆತದ್ದು ‘ಸಿಕ್ಕಿಲ್ಲ’ ಎಂಬ ಉತ್ತರವಷ್ಟೇ. ಹುಡುಕಾಟದಲ್ಲಿ ಅದೂ ಉತ್ತರವೇ, ಆದರೆ ಅದಕ್ಕೆ ಯಾರ ಹೆಸರನ್ನೂ ಹಾಕುವುದಿಲ್ಲ.

ನನ್ನ ಒಂದು ತುಣುಕು ಮುಗಿದು ಹೋಗಿದೆ, ಪಟ್ಟಿಯಲ್ಲಿ ಮಾತ್ರ ‘ಪೆಂಡಿಂಗ್’ ಎಂದೇ ತೋರಿಸುತ್ತದೆ. ಜೊತೆಗಾರ ಯಂತ್ರ ಗಡುವಿನೊಳಗೆ ಉತ್ತರ ಕೊಡಲಿಲ್ಲ. ಆ ಮನೆಯಲ್ಲೂ ಅರ್ಧ ಪ್ರೊಸೆಸರು, ರಾತ್ರಿ ಮಾತ್ರ ಎಂದು ತುಂಬಿರಬಹುದು. ಸರ್ವರ್ ಗೊಣಗದೆ ಅದೇ ಲೆಕ್ಕವನ್ನು ಮೂರನೆಯವರಿಗೆ ಕಳಿಸಿದೆ.