ಹಳೆಯ ಗೇಮ್, ಹೊಸ ಎಡಿಷನ್

• ಮರುಬಿಡುಗಡೆಯಾದ ಗೇಮ್‌ಗೆ ಇಬ್ಬರು ಗಿರಾಕಿಗಳು: ಇನ್ನೂ ಆಡದವನು, ಆಡಿ ಮುಗಿಸಿದವನು. ಮೊದಲಿನವನು ಕೊಳ್ಳುವುದು ಆಟವನ್ನು. ಎರಡನೆಯವನು ಕೊಳ್ಳುವುದು ತನ್ನದೇ ನೆನಪನ್ನು.

• ಇಲ್ಲಿ ತಡವಾಗಿ ಬಂದವನೇ ಜಾಣ. ‘ದಿ ವಿಚರ್ 3’ ಬಂದದ್ದು 2015ರ ಮೇ ತಿಂಗಳಲ್ಲಿ. 2016ರ ಆಗಸ್ಟ್‌ನಲ್ಲಿ ಎರಡು ದೊಡ್ಡ ವಿಸ್ತರಣೆಗಳನ್ನೂ ಸೇರಿಸಿಕೊಂಡು ‘ಗೇಮ್ ಆಫ್ ದಿ ಇಯರ್ ಎಡಿಷನ್’ ಬಂತು. ತಾಳಿದವನು ಬಾಳಿಯಾನು ಎಂಬ ಮಾತಿಗೆ ಇಲ್ಲಿ ಹದಿನೈದು ತಿಂಗಳ ಗಡುವು.

• ಹಾಗಾದರೆ ಮೊದಲ ದಿನವೇ ಕೊಂಡವನು ಮೋಸಹೋದನೇ? ಇಲ್ಲ. ಗೆಳೆಯರೆಲ್ಲ ಆಡುತ್ತಿದ್ದ ವಾರದಲ್ಲೇ ತಾನೂ ಆಡಿದ ಸುಖಕ್ಕೆ ಅವನು ದುಡ್ಡು ಕೊಟ್ಟ. ಆ ವಾರ ಯಾವ ಎಡಿಷನ್ನಿನಲ್ಲೂ ಸಿಗುವುದಿಲ್ಲ.

• ‘ಸ್ಕೈರಿಮ್’ 2011ರಲ್ಲಿ ಹುಟ್ಟಿತು. 2013ರಲ್ಲಿ ‘ಲೆಜೆಂಡರಿ’, 2016ರಲ್ಲಿ ‘ಸ್ಪೆಷಲ್’, 2021ರಲ್ಲಿ ‘ಆ್ಯನಿವರ್ಸರಿ’ ಎಂದು ಮತ್ತೆ ಮತ್ತೆ ನಾಮಕರಣವಾಯಿತು. ನಾವು ಮಾರುವುದು ನಿಲ್ಲಬೇಕಾದರೆ ನೀವು ಕೊಳ್ಳುವುದು ನಿಲ್ಲಲಿ ಎಂಬರ್ಥದ ಮಾತನ್ನು ಅದರ ನಿರ್ದೇಶಕ ಟಾಡ್ ಹೊವರ್ಡ್ 2018ರಲ್ಲಿ ಆಡಿದ್ದರು. ದೂರುವವರಲ್ಲಿ ಎಷ್ಟೋ ಜನ ಗಿರಾಕಿಗಳೇ.

• ಎಡಿಷನ್ನಿನ ಹೆಸರು ಬಿಡಿ, ಒಳಗಿನ ಪಟ್ಟಿ ಓದಿ. ಹೆಚ್ಚುವರಿ ಸಿಕ್ಕಿರುವುದು ಕಥೆಯೋ, ಬರೀ ವೇಷವೋ?

• 2006ರಲ್ಲಿ ‘ಆಬ್ಲಿವಿಯನ್’ ತನ್ನ ಕುದುರೆಗೆ ಎರಡೂವರೆ ಡಾಲರಿನ ಕವಚ ಮಾರಿದಾಗ ಗೇಮರ್‌ಗಳು ಲೇವಡಿ ಮಾಡಿದರು. 2025ರಲ್ಲಿ ಬಂದ ರೀಮಾಸ್ಟರ್‌ನ ಡಿಲಕ್ಸ್ ಎಡಿಷನ್ನಿನಲ್ಲಿ ಮತ್ತಷ್ಟು ಕುದುರೆ ಕವಚ! ಹತ್ತೊಂಬತ್ತು ವರ್ಷ ಕಳೆದರೆ ಲೇವಡಿಗೂ ಬೆಲೆ ಬರುತ್ತದೆ.

• ಪುಕ್ಕಟೆ ಸಿಗುವುದನ್ನು ಮೊದಲು ಕಳೆದು, ಆಮೇಲೆ ಬೆಲೆ ನೋಡಿ. ಡ್ರ್ಯಾಗನ್ ಕೊಲ್ಲುವ ಸ್ಕೈರಿಮ್ ವೀರನಿಗೆ ಮೀನು ಹಿಡಿಯುವ ಗಾಳ ಸಿಕ್ಕಿದ್ದು ಹತ್ತು ವರ್ಷದ ಮೇಲೆ. ‘ಸ್ಪೆಷಲ್ ಎಡಿಷನ್’ ಇದ್ದವರಿಗೆ ಅದು ದುಡ್ಡಿಲ್ಲದೆಯೇ ಬಂತು.

• ಹೊಸ ಬಣ್ಣ ಹಚ್ಚಿದ್ದೆಲ್ಲ ರಿಪೇರಿಯಲ್ಲ. 2021ರ ‘ಜಿಟಿಎ’ ತ್ರಿವಳಿಯ ‘ಡೆಫಿನಿಟಿವ್ ಎಡಿಷನ್’ ಎಷ್ಟು ದೋಷಗಳೊಂದಿಗೆ ಬಂತೆಂದರೆ, ಅದನ್ನು ಹೊರತಂದ ರಾಕ್‌ಸ್ಟಾರ್ ಕ್ಷಮೆ ಕೇಳಿ ಹಳೆಯ ಪಿಸಿ ಆವೃತ್ತಿಗಳನ್ನು ಮತ್ತೆ ತನ್ನ ಅಂಗಡಿಯಲ್ಲಿಟ್ಟಿತು. ಹಳೆಯದಕ್ಕೆ ಬೆಲೆ ತಂದುಕೊಟ್ಟದ್ದು ಹೊಸದೇ.

• ವಿಸ್ತರಣೆಗಳ ಸುಖ ಸಾಮಾನ್ಯವಾಗಿ ದಾರಿಯ ಕೊನೆಗೆ. ವಿಚರ್‌ನ ‘ಬ್ಲಡ್ ಆ್ಯಂಡ್ ವೈನ್’ಗೆ ಸೂಚಿಸಿರುವ ಲೆವೆಲ್ಲೇ 34. ಮೂಲ ಆಟವನ್ನು ಅರ್ಧಕ್ಕೆ ಬಿಟ್ಟವನು ‘ಕಂಪ್ಲೀಟ್ ಎಡಿಷನ್’ ಕೊಂಡರೆ ಪೂರ್ತಿಯಾಗುವುದು ಅಂಗಡಿಯವನ ಲೆಕ್ಕ ಮಾತ್ರ.

• ಈ ಗೇಮ್ ಎಷ್ಟು ಗಂಟೆಯದು ಎಂದು ಎಲ್ಲರೂ ಕೇಳುತ್ತಾರೆ. ನನ್ನ ಹತ್ತಿರ ಎಷ್ಟು ಗಂಟೆ ಇದೆ ಎಂದು ಕೇಳಿಕೊಳ್ಳುವವರು ಕಡಿಮೆ. ಸೇಲ್‌ನಲ್ಲಿ ಬೆಲೆ ಇಳಿಯುತ್ತದೆ, ಬೇಕಾದ ಹೊತ್ತು ಇಳಿಯುವುದಿಲ್ಲ.

• ಕೊಂಡು ಹದಿನಾಲ್ಕು ದಿನ ದಾಟಿರದೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ಹಣ ಹಿಂದಿರುಗಿಸುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಗೇಮ್ ಓಡುತ್ತದೆಯೇ ಎಂದು ತಿಳಿಯಲು ಅಷ್ಟು ಸಾಕು. ನಿಮಗೆ ಬೇಕೇ ಎಂದು ತಿಳಿಯಲು ಸಾಲದು.

• ಆದ್ದರಿಂದ ಹಳೆಯ ಪ್ರತಿ ಇದ್ದವರು ಮೊದಲು ಅದನ್ನೇ ಒಂದು ಸಂಜೆ ಆಡಿ ನೋಡಿ. ಮರುದಿನವೂ ಅದರ ಮುಂದೆ ಕೂತರೆ ಹೊಸದನ್ನು ಕೊಳ್ಳಿ. ಕೂರದಿದ್ದರೆ ದುಡ್ಡು ಉಳಿಯಿತು, ನೆನಪೂ ಕೆಡಲಿಲ್ಲ.