ವಿದ್ಯೆಯ ಪ್ರಾಮಾಣ್ಯ

ಜ್ಞಾನವು ತನ್ನ ಸತ್ಯತೆಯನ್ನು ತಾನೇ ಸಾರಬಲ್ಲುದೆ, ಅಥವಾ ಅದಕ್ಕೆ ಹೊರಗಣ ಸಾಕ್ಷಿಯೊಂದು ಬೇಕೆ ಎಂಬ ಪ್ರಶ್ನೆಯನ್ನು ನಮ್ಮ ದಾರ್ಶನಿಕರು ಶತಮಾನಗಳ ಕಾಲ ವಿಚಾರಿಸಿದರು. ಬಾಧಕಜ್ಞಾನವಾಗಲಿ ಕಾರಣದೋಷವಾಗಲಿ ತೋರಿಬರುವ ತನಕ ಜ್ಞಾನವು ಸ್ವತಃ ಪ್ರಮಾಣವೆಂದು ಕುಮಾರಿಲಭಟ್ಟನ ಅನುಯಾಯಿಗಳಾದ ಮೀಮಾಂಸಕರು ವಾದಿಸಿದರೆ, ಅದನ್ನು ನಂಬಿ ಕೈಕೊಂಡ ಕಾರ್ಯವು ಫಲಿಸಿದಾಗಲೇ ಪ್ರಾಮಾಣ್ಯವು ನಿಶ್ಚಿತವಾಗುವುದೆಂದು ನೈಯಾಯಿಕರು ಪ್ರತಿಪಾದಿಸಿದರು. ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಎಂ. ಹಿರಿಯಣ್ಣನವರು 1932ರಲ್ಲಿ ಪ್ರಕಟವಾದ ತಮ್ಮ ದರ್ಶನಗ್ರಂಥದಲ್ಲಿ ವಿಶದಪಡಿಸಿದ ಈ ವಿವಾದವು, ವಿಜ್ಞಾನಪದವಿಗಳ ಮಾನ್ಯತೆಯ ವಿಷಯದಲ್ಲಿ ಇಂದಿಗೂ ಜೀವಂತವಾಗಿದೆ.

1928ರಲ್ಲಿ ಸ್ಥಾಪಿತವಾಗಿ ತಲೆಮಾರುಗಳಿಗೆ ವಿಜ್ಞಾನವನ್ನು ಬೋಧಿಸಿದ ಮೈಸೂರಿನ ಯುವರಾಜ ಕಾಲೇಜಿನಂತಹ ವಿದ್ಯಾಲಯಕ್ಕೆ, 1994ರಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲಸಿರುವ, ಕಾಲೇಜುಗಳ ಗುಣಮಟ್ಟವನ್ನು ಅಳೆದು ಮಾನ್ಯತೆ ನೀಡುವ ನ್ಯಾಕ್ ಸಂಸ್ಥೆಯ ಶ್ರೇಣಿಯೇತಕ್ಕೆ ಎಂದು ಕೇಳುವವರುಂಟು. ದೇವರಾಜ ಮೊಹಲ್ಲಾದ ಮಾರುಕಟ್ಟೆಯಲ್ಲಿ ತೂಕದ ಬಟ್ಟಿನ ಮೇಲಿನ ಸರ್ಕಾರದ ಮುದ್ರೆಯು ಅದರ ಭಾರವನ್ನು ಗುಲಗಂಜಿಯಷ್ಟೂ ಹೆಚ್ಚಿಸದು. ಆದರೆ ಅಂಗಡಿಯವನನ್ನು ಅರಿಯದ ಪರಸ್ಥಳದವನಿಗೆ ನಂಬುಗೆಯ ಆಧಾರ ಆ ಮುದ್ರೆಯೇ. ಹೆಗ್ಗಡದೇವನಕೋಟೆಯ ಹಳ್ಳಿಯಿಂದ ಬಿ.ಎಸ್‌ಸಿ. ಓದಲು ಬರುವ ಬಡ ಹುಡುಗಿಯು, ಪ್ರಯೋಗಾಲಯದಲ್ಲಿ ಉಪಕರಣಗಳಿವೆಯೆ, ಅವನ್ನು ಅವಳ ಕೈಗೆ ಕೊಡುವರೆ ಎಂಬುದನ್ನು ಮುಂದಾಗಿ ತಿಳಿಯುವ ಬಗೆಯೆಂತು?

ಹೊರಗಣ ಪರೀಕ್ಷೆ ಬೇಕೆನ್ನಲು ಇದಕ್ಕಿಂತ ಗಹನವಾದ ಕಾರಣವೂ ಒಂದುಂಟು. ಒಬ್ಬನು ಕಂಡುದನ್ನು ಮತ್ತೊಬ್ಬನು ಸ್ವತಂತ್ರವಾಗಿ ಪರೀಕ್ಷಿಸಿ ಒಪ್ಪುವುದೇ ವಿಜ್ಞಾನದ ಧರ್ಮವಾಗಿರುವಲ್ಲಿ, ಆ ಧರ್ಮವನ್ನು ಬೋಧಿಸುವ ಪೀಠವು ತಾನು ಮಾತ್ರ ಪರೀಕ್ಷೆಗೆ ಅತೀತವೆಂದು ಭಾವಿಸುವುದು ಯುಕ್ತವಲ್ಲ. ನ್ಯಾಕ್‌ನ ಕ್ರಮದಲ್ಲಿ ಕಾಲೇಜು ಮೊದಲು ಆತ್ಮಾವಲೋಕನದ ವರದಿಯನ್ನು ಸಿದ್ಧಪಡಿಸಬೇಕೆಂಬ ನಿಯಮವು ಈ ದೃಷ್ಟಿಯಿಂದ ಅತ್ಯಂತ ಶ್ಲಾಘ್ಯವಾದುದು. ಆದರೆ ನ್ಯಾಕ್ ಅಳೆಯುವುದು ಸಮಗ್ರ ಕಾಲೇಜನ್ನು. ಎಂಜಿನಿಯರಿಂಗ್ ಶಿಕ್ಷಣದಲ್ಲಿ ರಾಷ್ಟ್ರೀಯ ಮಾನ್ಯತಾ ಮಂಡಳಿಯು ಒಂದೊಂದು ಪಾಠಕ್ರಮವನ್ನೂ ಪ್ರತ್ಯೇಕವಾಗಿ ಪರಿಶೀಲಿಸುವಂತೆ, ಭೌತಶಾಸ್ತ್ರ, ರಸಾಯನಶಾಸ್ತ್ರ, ಸಸ್ಯಶಾಸ್ತ್ರಗಳ ಪದವಿಗಳನ್ನೂ ಬಿಡಿಬಿಡಿಯಾಗಿ ಪರಿಶೀಲಿಸಿದಲ್ಲದೆ ಬಲವಾದ ವಿಭಾಗದ ನೆರಳಿನಲ್ಲಿ ದುರ್ಬಲವಾದುದು ಅಡಗಿಕೊಳ್ಳುವುದು ತಪ್ಪದು.

ಪರೀಕ್ಷಕರ ಭೇಟಿಗಾಗಿ ಕಡತಗಳನ್ನು ಸಿಂಗರಿಸುವ ಅಪಾಯವಿರುವುದು ದಿಟ. ಆದುದರಿಂದಲೇ ಎರಡು ದರ್ಶನಗಳೂ ನಮಗೆ ಬೇಕು: ಕಾಲೇಜಿನ ಮೇಲಣ ಲೋಕದ ವಿಶ್ವಾಸವು ಪರರ ಪರೀಕ್ಷೆಯಿಂದ ಸಿದ್ಧಿಸಲಿ, ಆ ವಿಶ್ವಾಸಕ್ಕೆ ಅರ್ಹವಾದ ವಿದ್ಯೆಯಾದರೋ, ಪರೀಕ್ಷಕರಿಲ್ಲದ ದಿನವೂ ದೋಷವನ್ನು ಹುಡುಕಿ ತಿದ್ದಿಕೊಳ್ಳುವ ಅಧ್ಯಾಪಕನ ನಿಷ್ಠೆಯಿಂದ ಮಾತ್ರ ಸಿದ್ಧಿಸತಕ್ಕುದು.