ರೋಡ್ ಬೈಕ್ ಮತ್ತು ಮೈಗೂಡುವ ಅರಿವು

ಹೊಸ ರೋಡ್ ಬೈಕಿಗೆ ಮೈ ಒಗ್ಗುವ ಬಗೆ ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆಯೊಂದನ್ನು ಎತ್ತುತ್ತದೆ: ಕೌಶಲ ಎಂಬುದು ಯಾವ ಜಾತಿಯ ಅರಿವು, ಮತ್ತು ಅದು ನೆಲೆಸುವುದು ಎಲ್ಲಿ? ರೋಡ್ ಬೈಕ್ ಎಂದರೆ ಇಲ್ಲಿ ಮೋಟಾರು ಗಾಡಿಯಲ್ಲ. ಕೆಳಕ್ಕೆ ಬಾಗಿದ ಡ್ರಾಪ್ ಹ್ಯಾಂಡಲ್, ಸಪೂರ ಟೈರು, ಕಿರಿದಾದ ಸೀಟು ಇರುವ ಸೈಕಲ್ಲು. ವರ್ಷಗಟ್ಟಲೆ ಸಾದಾ ಸೈಕಲ್ ತುಳಿದವರೂ ಇದನ್ನು ಹತ್ತಿದ ಹೊಸದರಲ್ಲಿ ತಡವರಿಸುತ್ತಾರೆ. ಸಮತೋಲ ಅವರಿಗೆ ಹೊಸದಲ್ಲ. ಆದರೂ ಕತ್ತು ಹಿಡಿದುಕೊಳ್ಳುತ್ತದೆ, ಅಂಗೈ ಜೋಮುಗಟ್ಟುತ್ತದೆ, ಇಳಿಜಾರಿನ ತಿರುವಿನಲ್ಲಿ ಭುಜ ಬಿಗಿಯುತ್ತದೆ. ಗೊತ್ತಿರುವ ವಿದ್ಯೆಯೇ ಅರ್ಧ ಕೈಕೊಟ್ಟಂತಾಗುತ್ತದೆ.

ಆಧುನಿಕ ಚಿಂತನೆಯಲ್ಲಿ ಈ ಚರ್ಚೆಗೆ ರೂಪ ಕೊಟ್ಟವರಲ್ಲಿ ಗಿಲ್ಬರ್ಟ್ ರೈಲ್ ಮುಖ್ಯ. 1949ರ ಗ್ರಂಥದಲ್ಲಿ ಆತ, ಒಂದು ಸಂಗತಿ ಹೀಗಿದೆ ಎಂದು ತಿಳಿದಿರುವುದು ಬೇರೆ, ಒಂದು ಕೆಲಸವನ್ನು ಮಾಡಲು ತಿಳಿದಿರುವುದು ಬೇರೆ ಎಂದು ವಾದಿಸಿದ. ಜಾಣತನದ ಪ್ರತಿ ಕ್ರಿಯೆಗೂ ಮೊದಲು ಮನಸ್ಸು ನಿಯಮವೊಂದನ್ನು ಆಲೋಚಿಸಬೇಕು ಎನ್ನುವುದಾದರೆ, ಆ ಆಲೋಚನೆಯೂ ಒಂದು ಕ್ರಿಯೆಯೇ; ಅದಕ್ಕೆ ಇನ್ನೊಂದು ನಿಯಮ ಬೇಕು, ಅದಕ್ಕೆ ಮತ್ತೊಂದು. ನಮ್ಮ ತಾರ್ಕಿಕರು ಅನವಸ್ಥಾ ದೋಷ ಎನ್ನುವುದು ಇದನ್ನೇ. ಮೈಕೆಲ್ ಪೊಲಾನಿ 1958ರಲ್ಲಿ ಸೈಕಲ್ಲನ್ನೇ ಉದಾಹರಣೆಗೆ ಎತ್ತಿಕೊಂಡ. ಸೈಕಲ್ಲು ವಾಲಿದ ಕಡೆಗೆ ಸವಾರ ಹ್ಯಾಂಡಲ್ ತಿರುಗಿಸುತ್ತಾನೆ. ವಾಲಿದ ಕೋನ ಒಂದೇ ಆಗಿದ್ದರೆ ಆ ತಿರುವಿನ ಬಾಗು ವೇಗದ ವರ್ಗಕ್ಕೆ ವಿಲೋಮವಾಗಿರುತ್ತದೆ. ಈ ಸೂತ್ರವನ್ನು ಬಾಯಿಪಾಠ ಮಾಡಿದವರು ಯಾರೂ ಅದರಿಂದ ಸೈಕಲ್ ಕಲಿತಿಲ್ಲ, ಕಲಿತ ಹೆಚ್ಚಿನವರಿಗೆ ಸೂತ್ರ ತಿಳಿದಿಲ್ಲ. ಶಾಸ್ತ್ರಜ್ಞರಿಗೇ ಪೂರ್ತಿ ತಿಳಿದಿತ್ತೆನ್ನುವುದೂ ಕಷ್ಟ: ಚಕ್ರಗಳ ಗಿರಕಿಯ ಪರಿಣಾಮವಾಗಲಿ ಮುಂಗಾಲಿ ನೆಲ ಮುಟ್ಟುವ ಜಾಗ ಹ್ಯಾಂಡಲಿನ ಅಕ್ಷದ ಹಿಂದಿರುವುದರಿಂದ ಬರುವ ಎಳೆತವಾಗಲಿ ಇಲ್ಲದೆಯೂ ಸೈಕಲ್ಲು ತಾನಾಗಿ ನೆಟ್ಟಗೆ ಓಡಬಲ್ಲದೆಂದು ಪ್ರಯೋಗದಿಂದ ತೋರಿಸಿದ ಪ್ರಬಂಧ ಬಂದದ್ದು 2011ರಲ್ಲಿ. ಅಷ್ಟರಲ್ಲಿ ಜಗತ್ತು ನೂರು ವರ್ಷಕ್ಕೂ ಮೇಲ್ಪಟ್ಟು ಸೈಕಲ್ ತುಳಿದಿತ್ತು.

ಕೌಶಲ ಸೂತ್ರವಲ್ಲ ಎನ್ನುವುದು ಇಷ್ಟರಿಂದ ಸ್ಪಷ್ಟ. ಅದು ಏನು ಎನ್ನುವುದಕ್ಕೆ ವೈಶೇಷಿಕ ದರ್ಶನದ ಉತ್ತರ ಹೆಚ್ಚು ಕೆಲಸಕ್ಕೆ ಬರುತ್ತದೆ. ಸುಮಾರು 6ನೆಯ ಶತಮಾನದ ಪ್ರಶಸ್ತಪಾದ ಸಂಸ್ಕಾರವೆಂಬ ಗುಣದಲ್ಲಿ ಮೂರು ಬಗೆ ಹೇಳುತ್ತಾನೆ: ಚಲಿಸುವ ವಸ್ತುವಿನ ವೇಗ, ಬಾಗಿಸಿದ್ದು ಮೊದಲಿನ ಸ್ಥಿತಿಗೆ ಮರಳುವ ಸ್ಥಿತಿಸ್ಥಾಪಕ, ಅನುಭವ ಆತ್ಮದಲ್ಲಿ ಉಳಿಸಿಹೋಗುವ ಭಾವನೆ ಎಂಬ ಅಚ್ಚು. ಓಡುವ ಸೈಕಲ್ಲಿನಲ್ಲಿ ಮೂರೂ ಸೇರಿರುತ್ತವೆ. ಉರುಳುವ ಗಾಲಿಯಲ್ಲಿ ಮೊದಲನೆಯದು, ಗಾಳಿ ತುಂಬಿದ ಟೈರಿನಲ್ಲಿ ಎರಡನೆಯದು, ಸವಾರನಲ್ಲಿ ಮೂರನೆಯದು.

ಭಾವನೆ ಗಟ್ಟಿಯಾಗಲು ಪ್ರಶಸ್ತಪಾದ ಕೊಡುವ ಕಾರಣಗಳೂ ಮೂರು. ಪಟುವಾದ, ಎಂದರೆ ತೀಕ್ಷ್ಣವಾದ ಅನುಭವ ಒಂದೇ ಸಲಕ್ಕೆ ಅಚ್ಚೊತ್ತುತ್ತದೆ. ಇದಕ್ಕೆ ಅವನ ಉದಾಹರಣೆ, ಒಂಟೆಯನ್ನು ಕಂಡು ಬೆರಗಾದ ದಾಕ್ಷಿಣಾತ್ಯ. ತೆಂಕಣದವರ ಬಗೆಗಿನ ಈ ಸಣ್ಣ ತಮಾಷೆ ಅವನು ಬೇಕೆಂದೇ ಮಾಡಿದ್ದಿರಬಹುದು. ಎರಡನೆಯದು ಅಭ್ಯಾಸ. ವಿದ್ಯೆ, ಶಿಲ್ಪ, ವ್ಯಾಯಾಮಗಳಲ್ಲಿ ಹಿಂದಿನ ಸಂಸ್ಕಾರವನ್ನು ಆಧರಿಸಿ ಮುಂದಿನ ಅನುಭವ ಇನ್ನಷ್ಟು ಬಲವಾದ ಸಂಸ್ಕಾರವನ್ನು ಹುಟ್ಟಿಸುತ್ತದೆ. ಮೂರನೆಯದು ಆದರ, ಪ್ರಯತ್ನಪೂರ್ವಕ ಗಮನ.

ಹೊಸ ಸವಾರರು ನಂಬುವುದು ಎರಡನೆಯದನ್ನು ಮಾತ್ರ. ಕಿಲೋಮೀಟರು ಕೂಡಿದಷ್ಟೂ ಕೌಶಲ ಕೂಡುತ್ತದೆ ಎಂಬ ಎಣಿಕೆ ಅದು. ಆದರೆ ಅಭ್ಯಾಸ ಸರಿ ತಪ್ಪುಗಳ ಭೇದ ಮಾಡದು, ಮಾಡಿದ್ದನ್ನೇ ಗಟ್ಟಿ ಮಾಡುತ್ತದೆ. ಸೀಟು ತಗ್ಗಾಗಿದ್ದರೆ ಮಂಡಿಯ ಮೇಲೆ ಹೊರೆ ಬೀಳುತ್ತದೆ, ಎತ್ತರವಾಗಿದ್ದರೆ ಸೊಂಟ ಅತ್ತಿತ್ತ ತೂಗುತ್ತದೆ, ಮತ್ತು ಕೆಲವೇ ವಾರಗಳಲ್ಲಿ ಆ ತೂಗಾಟವೇ ಸಹಜವೆನಿಸುತ್ತದೆ. ಪೆಡಲ್ ಕೆಳತುದಿಯಲ್ಲಿದ್ದಾಗ ಮಂಡಿ ಸುಮಾರು 25ರಿಂದ 35 ಡಿಗ್ರಿ ಬಾಗಿರುವಂತೆ ಸೀಟನ್ನು ಮೊದಲೇ ಹೊಂದಿಸಬೇಕೆನ್ನುವುದು ಇದಕ್ಕೇ. ಆದರದ ಪಾತ್ರ ಇಲ್ಲಿ ಹಿರಿದು. ಒಂದು ಸವಾರಿಯಲ್ಲಿ ಮೊಣಕೈ ಮಡಿಸಿರುವುದರ ಮೇಲೆ, ಇನ್ನೊಂದರಲ್ಲಿ ಭಾರಿ ಗಿಯರಿನ ಬದಲು ಹಗುರ ಗಿಯರಿನಲ್ಲಿ ನಿಮಿಷಕ್ಕೆ 80ರಿಂದ 90 ಸುತ್ತು ತುಳಿಯುವುದರ ಮೇಲೆ ಗಮನ ನಿಂತರೆ, ಗಮನವಿಲ್ಲದ ಉದ್ದ ಸವಾರಿಗಿಂತ ಅದು ಬೇಗ ಮೈಗೂಡುತ್ತದೆ. ನಿಯಮಗಳಿಗೆ ಇರುವ ಜಾಗವೂ ಇದೇ: ಅವು ಕೌಶಲವಲ್ಲ, ಗಮನವನ್ನು ಎಲ್ಲಿ ಇಡಬೇಕೆಂದು ತೋರಿಸುವವು. ರೈಲ್‌ನನ್ನು ಒಪ್ಪುವ ಉತ್ಸಾಹದಲ್ಲಿ ಈ ಉಪಯೋಗವನ್ನು ಮರೆಯುವವರು ಬಹಳ.

ಇದಕ್ಕಿಂತ ಜಟಿಲವಾದದ್ದು ಸೈಕಲ್ಲಿನ ಮೇಲೆ ಸುಖವಾಗಿ ಕೂರುವ ಪ್ರಶ್ನೆ. ಪತಂಜಲಿ ಆಸನಕ್ಕೆ ಸ್ಥಿರತೆ, ಸುಖ ಎರಡನ್ನೂ ಲಕ್ಷಣವಾಗಿ ಹೇಳಿ, ಪ್ರಯತ್ನ ಸಡಿಲವಾದಾಗ ಅದು ಸಿದ್ಧಿಸುತ್ತದೆ ಎನ್ನುತ್ತಾನೆ. ಪ್ರಯತ್ನಪಟ್ಟು ಪ್ರಯತ್ನ ಬಿಡುವುದು ಹೇಗೆ? ಯೋಗಶಾಸ್ತ್ರದ ಟೀಕಾಕಾರ ವಾಚಸ್ಪತಿ ಮಿಶ್ರ ಕೊಡುವ ಸಮಾಧಾನ ಸೂಕ್ಷ್ಮವಾದದ್ದು. ದೇಹ ತನ್ನನ್ನು ಎತ್ತಿಹಿಡಿಯಲು ಮಾಡುವ ಸ್ವಾಭಾವಿಕ ಪ್ರಯತ್ನವೊಂದಿದೆ. ಉಪದೇಶಿಸಿದ ಆಸನಕ್ಕೆ ಅದೇ ವಿರೋಧಿ, ಸಡಿಲಗೊಳಿಸಬೇಕಾದದ್ದು ಅದನ್ನು. ಯೋಗಾಸನ ಅಲುಗದೆ ಕೂರುವುದಕ್ಕೆ, ಸೈಕಲ್ಲು ಓಡುವುದಕ್ಕೆ. ಆದರೂ ಈ ಮಾತು ಇಲ್ಲಿ ಅಕ್ಷರಶಃ ಒಪ್ಪುತ್ತದೆ. ಬಾಗಿ ಕೂತ ದೇಹ ತಾನು ಮುಂದಕ್ಕೆ ಬೀಳುವೆನೆಂದು ತೋಳನ್ನು ಸೆಟೆಸಿ ಭಾರವನ್ನೆಲ್ಲ ಅಂಗೈಗೆ ಹೊರಿಸುತ್ತದೆ. ಹಿಡಿತ ಬಿಗಿಯಾದಷ್ಟೂ ರಸ್ತೆಯ ಪ್ರತಿ ನಡುಕ ಭುಜಕ್ಕೆ ಏರುತ್ತದೆ. ಸೊಂಟದಿಂದ ಬಾಗಿ, ಹೊಟ್ಟೆ ಬೆನ್ನುಗಳ ಸ್ನಾಯುಗಳಿಂದ ಮೈಯನ್ನು ತಡೆದಾಗ ಬೆರಳು ಹ್ಯಾಂಡಲ್ ಮೇಲೆ ಹಗುರವಾಗಿ ಇರಬಹುದು. ಹಾಗೆಂದ ಮೇಲೆ ಸುಖ ಪ್ರಯತ್ನದ ಅಭಾವವಲ್ಲ. ಅದು ಭಯದ ಪ್ರಯತ್ನ ಇಳಿದು, ಕಲಿತ ಪ್ರಯತ್ನ ಅದರ ಜಾಗಕ್ಕೆ ಬಂದ ಸ್ಥಿತಿ.

ತಿರುವಿನಲ್ಲಿ ಇದು ಇನ್ನೂ ನಿಚ್ಚಳ. ಭಯಗೊಂಡ ದೇಹ ತಿರುವಿನ ನಡುವೆ ಬ್ರೇಕ್ ಅದುಮುತ್ತದೆ, ಕಣ್ಣನ್ನು ಮುಂಗಾಲಿಯ ಹತ್ತಿರದ ಗುಂಡಿಗೆ ಕಟ್ಟಿಹಾಕುತ್ತದೆ. ಕಲಿಸುವುದು ಇದಕ್ಕೆ ನೇರ ವಿರುದ್ಧ: ತಿರುವಿಗೆ ಮೊದಲೇ ವೇಗ ಇಳಿಸುವುದು, ಹೊರಗಿನ ಪೆಡಲನ್ನು ಕೆಳಗಿಟ್ಟು ಅದರ ಮೇಲೆ ಭಾರ ಹಾಕುವುದು, ತಿರುವಿನ ಕೊನೆಯತ್ತ ನೋಡುವುದು. ಬಲಕ್ಕೆ ಹೊರಳಲು ಹ್ಯಾಂಡಲಿನ ಬಲಬದಿಯನ್ನು ಕ್ಷಣಕಾಲ ಮುಂದಕ್ಕೆ ಒತ್ತಬೇಕೆಂಬುದು ಬುದ್ಧಿಗೆ ಒಪ್ಪುವುದೇ ಇಲ್ಲ. ಆದರೆ ಸಾದಾ ಸೈಕಲ್ಲಿನ ಮೇಲೂ ಎಲ್ಲರೂ ಅರಿಯದೆ ಮಾಡುತ್ತಿದ್ದುದು ಅದನ್ನೇ.

ಉಳಿಯುವುದು ನೆಲೆಯ ಪ್ರಶ್ನೆ. ಪ್ರಶಸ್ತಪಾದ ಭಾವನೆಯನ್ನು ಆತ್ಮದಲ್ಲಿ ಇಡುತ್ತಾನೆ. ತತ್ತ್ವಜ್ಞ ಮೋರಿಸ್ ಮೆರ್ಲೊ-ಪಾಂಟಿ 1945ರಲ್ಲಿ ಅಭ್ಯಾಸವನ್ನು ದೇಹದ್ದೇ ಅರಿವೆಂದ. ನುರಿತ ಆರ್ಗನ್ ವಾದಕ ಅಪರಿಚಿತ ವಾದ್ಯದ ಮುಂದೆ ಕೆಲಹೊತ್ತು ಕೂತು ಅದರ ಅಳತೆಯನ್ನು ಮೈಯಲ್ಲೇ ತೆಗೆದುಕೊಳ್ಳುತ್ತಾನೆ ಎಂಬುದು ಅವನ ದೃಷ್ಟಾಂತ. ಸೈಕಲ್ಲು ಬದಲಾದಾಗ ಕೌಶಲ ಅರ್ಧ ಕೈಕೊಡುವುದನ್ನು ನೋಡಿದರೆ ಮೆರ್ಲೊ-ಪಾಂಟಿಯ ಪಕ್ಷ ಬಲವಾಗುತ್ತದೆ. ಆದರೆ ಸಂಸ್ಕಾರ ಅಳಿಯುವ ಬಗೆಯನ್ನು ವಿವರಿಸಲು ವೈಶೇಷಿಕರೇ ಮೇಲು. ಅವರ ಪ್ರಕಾರ ವಿರುದ್ಧ ಜ್ಞಾನ, ಮದ, ದುಃಖ ಮುಂತಾದವು ಭಾವನೆಗೆ ವಿರೋಧಿಗಳು. ವಿರುದ್ಧ ಜ್ಞಾನದ ಕೆಲಸಕ್ಕೆ ಒಂದು ಉದಾಹರಣೆ: ಅಮೆರಿಕದ ಎಂಜಿನಿಯರ್ ಡೆಸ್ಟಿನ್ ಸ್ಯಾಂಡ್ಲಿನ್‌ಗೆ ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಗಾಲಿ ಬಲಕ್ಕೆ ತಿರುಗುವ ಸೈಕಲ್ಲನ್ನು ಕಲಿಯಲು ಸುಮಾರು 8 ತಿಂಗಳು ಹಿಡಿಯಿತು. ಆಮೇಲೆ ಸಾದಾ ಸೈಕಲ್ಲು ಹತ್ತಿದರೆ ಅದೇ ಬಾರದಾಯಿತು, ಸ್ವಲ್ಪ ಹೊತ್ತು ಒದ್ದಾಡಿದ ಬಳಿಕ ಮರಳಿ ಬಂತು. ರೋಡ್ ಬೈಕಿನಲ್ಲಿ ಅಂಥ ವಿರೋಧವಿಲ್ಲ. ಅದಕ್ಕೆ ಒಗ್ಗಿದವರು ಹಳೆಯ ಸೈಕಲ್ಲಿಗೆ ಮರಳಿದಾಗ ಹ್ಯಾಂಡಲ್ ಅಗಲವೆನಿಸಬಹುದು, ಕೂರುವ ಭಂಗಿ ನೆಟ್ಟಗೆ ಎನಿಸಬಹುದು. ತುಳಿಯುವುದು ಮಾತ್ರ ಮೊದಲ ಸುತ್ತಿನಿಂದಲೇ ಬರುತ್ತದೆ.